ಬಾದಾಮಿ ಶಿಬಿರಕ್ಕೆ ಒಯ್ದ ಮಗ್ಗದ ಗಂಟು

"ಬಡಿಗಿ ಕೆಳಗ ಇಡ್ರಿ, ಇಲ್ಲಾಂದ್ರ ನೀವ ಕೆಳಗ ಇಳೀರಿ!"

ಹುನಗುಂದ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಹೀಗೆ ಕೂಗಿದಾಗ ನನ್ನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ. ನಾಲ್ಕು ಹುಡುಗರು ಆಗಲೇ ಹತ್ತಿದ್ದರು. ಇಬ್ಬರು ನನ್ನ ಹಿಂದೆ ನಿಂತಿದ್ದರು. ಆರೂ ಜನರ ಕೈಯಲ್ಲಿ ಒಂದೊಂದು ಬಡಿಗೆ.

"ಇವು ಬಡಿಗಿ ಅಲ್ರಿ, ಸ್ಕೌಟ್ ಕೋಲು," ಎಂದೆ.

"ಹೊಡದ್ರ ನೋಯ್ತೈತಿಲ್ಲೋ?"

"ನೋಯ್ತೈತ್ರಿ."

"ಹಂಗಾರ ಬಡಿಗೀನ."

ಮಾತಿನಲ್ಲಿ ಅವನು ಗೆದ್ದ. ಆದರೂ ನಾನು ಇಳಿಯಲಿಲ್ಲ. "ಕೋಲು ಇಲ್ಲದ ಬಾದಾಮಿಗೆ ಹೋಗಂಗಿಲ್ಲ, ಬಾದಾಮಿಗೆ ಹೋಗದ ಮನಿಗೆ ಹೋಗಂಗಿಲ್ಲ. ಏನ್ ಮಾಡ್ತೀರಿ ಮಾಡ್ರಿ," ಎಂದು ಅಲ್ಲೇ ನಿಂತೆ. ಡ್ರೈವರ್ ಹಾರ್ನ್ ಹೊಡೆದ. ಅಷ್ಟರಲ್ಲಿ ಒಳಗಿದ್ದ ಈರಣ್ಣ ಆರೂ ಕೋಲುಗಳನ್ನು ಇಸಿದುಕೊಂಡು, ಕೂಡಿಸಿ, ಸೀಟಿನ ಅಡಿಯಲ್ಲಿಟ್ಟು ಕಟ್ಟತೊಡಗಿದ. ಹಗ್ಗ ಸಾಲಲಿಲ್ಲ. ಚೀಲದಿಂದ ಇನ್ನೊಂದು ತುಂಡು ತೆಗೆದು ಎರಡನ್ನೂ ಗಂಟು ಹಾಕಿ ಕೂಡಿಸಿದ. ಆಮೇಲೆ ಜೇಬಿನ ಸಣ್ಣ ಕತ್ತರಿ ತೆಗೆದು ಗಂಟಿನ ತುದಿಗಳನ್ನು ಕಚಕ್ ಎಂದು ಕತ್ತರಿಸಿದ. ನಾನು ಅದನ್ನು ನೋಡಿದೆ. ಏನೂ ಅನ್ನಿಸಲಿಲ್ಲ. ಅಲ್ಲೇ ಅನ್ನಿಸಬೇಕಿತ್ತು.

ಈ ಪ್ರವಾಸದ ಬಗ್ಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಮೂರು ನಮೂನೆಯ ಮಾತು ಓಡಾಡುತ್ತಿವೆ. ನಾನು ಶಿಬಿರದಲ್ಲಿ ಜಗಳ ಮಾಡಿದೆ ಎನ್ನುತ್ತಾರೆ. ಅದು ನಿಜ. ಈರಣ್ಣ ಶಿಬಿರದ ಹಗ್ಗ ಕತ್ತರಿಸಿದ ಎನ್ನುತ್ತಾರೆ. ಅದೂ ನಿಜ. ನಮ್ಮನ್ನು ಓಡಿಸಿದರು ಎನ್ನುತ್ತಾರೆ. ಅದು ಸುಳ್ಳು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಶಾಲೆಯ ಸ್ಕೌಟ್ ದಳ ಅಲ್ಲ, ಓಣಿಯ ದಳ. ದಸ್ತಗೀರ ಚಾಚಾ ಅದನ್ನು ಕಟ್ಟಿದವರು. ನಾನೂ ಅವರ ಕೈಯಲ್ಲೇ ಸ್ಕೌಟ್ ಆದವನು. ಅವರ ಕಣ್ಣು ಮಂಜಾದ ಮೇಲೆ ಕಬ್ಬಿಣದ ಪೆಟ್ಟಿಗೆಯನ್ನು ನನ್ನ ಮಗ್ಗದ ಪಕ್ಕ ತಂದಿಟ್ಟು, "ಮೌಲಾ, ಇನ್ನ ನೀ ನೋಡ್ಕೋ," ಎಂದರು. ಪೆಟ್ಟಿಗೆಯಲ್ಲಿ ಸ್ಕಾರ್ಫು, ಸೀಟಿ, ಹಗ್ಗ, ಒಂದು ಪುಸ್ತಕ ಇದ್ದವು. ನಾನು ಏಳನೆಯ ಈಯತ್ತೆಗೆ ಶಾಲೆ ಬಿಟ್ಟು ಸೀರೆ ನೇಯಲು ಕುಳಿತವನು. ಆದರೂ ಬೇಡ ಎನ್ನಲಿಲ್ಲ. ಈ ಸಲ ಹೊರಟ ಸ್ಕೌಟುಗಳು ನಾಲ್ವರು: ಈರಣ್ಣ, ಸಮೀರ, ಬಸು, ಮಂಜು. ಎಲ್ಲರೂ ಹನ್ನೆರಡು ಹದಿಮೂರರವರು, ಎಲ್ಲರ ಮನೆಯಲ್ಲೂ ಮಗ್ಗ. ಅವರಿಗಿಂತ ಚಿಕ್ಕವರು ಇಬ್ಬರು ಕಬ್‌ಗಳು. ಅದರಲ್ಲಿ ಎಂಟು ವರ್ಷದ ಚಾಂದ ಬಾಯಿ ಮುಚ್ಚದವನು.

ಬಸ್ಸಿನಲ್ಲಿ ಚಾಂದನ ಪಕ್ಕ ಒಬ್ಬ ಅಜ್ಜಿ ಕುಳಿತಿದ್ದಳು. "ನಿಮಗ ರೊಕ್ಕ, ನನಗ ಪುಕ್ಕಟೆ," ಎಂದು ತನ್ನ ಹೆಂಗಸರ ಟಿಕೆಟ್ಟನ್ನು ಅವನ ಮುಖಕ್ಕೆ ಹಿಡಿದಳು. ಚಾಂದ ಸೋಲಲಿಲ್ಲ. ನೆಟ್ಟಗೆ ಕುಳಿತು ಪರಿಚಯಕ್ಕೆಂದು ಎಡಗೈ ಚಾಚಿದ.

"ಎಡಗೈ ಕೊಡ್ತಾನ ನೋಡ್ರೆವ್ವಾ ಇವ! ಯಾರ ಮಗಾ ಲೇ ನೀ?"

"ಆಯಿ, ಸ್ಕೌಟಿನ್ಯಾಗ ಎಡಗೈನ ಕೊಡೂದು. ಎದಿ ಈ ಕಡೀಗೆ ಐತಿ ನೋಡು."

"ಎದಿ ಎಲ್ಲೆರ ಇರವಲ್ದ್ಯಾಕ, ನೀ ಬಲಗೈ ತಾ."

ಅಮೀನಗಡದವರೆಗೂ ಅದೇ ವಾದ ನಡೆಯಿತು. ಅಲ್ಲಿ ಅಜ್ಜಿ ಇಳಿಯುವಾಗ ಅವನ ಎಡಗೈಗೇ ಒಂದು ಕರದಂಟಿನ ತುಂಡು ಇಟ್ಟು ಹೋದಳು.

ಬಾಗಲಕೋಟೆ ಮುಟ್ಟಿದಾಗ ಹನ್ನೊಂದು ಗಂಟೆ. ಬಿಸಿಲು ಆಗಲೇ ಚುರುಕಾಗಿತ್ತು. ನವನಗರದ ಸ್ಕೌಟ್ ಕಚೇರಿಯಲ್ಲಿ ಶಿಬಿರದ ಕಾಗದಕ್ಕೆ ಸಹಿ ಹಾಕಿಸಬೇಕಿತ್ತು. ಮೇಜಿನ ಹಿಂದಿದ್ದವರು ಕಾಗದ ನೋಡಿ, "ಯಾವ ಸಾಲಿ?" ಎಂದರು.

"ಸಾಲಿ ಇಲ್ರಿ. ಓಣಿ."

"ನಿಮ್ಮ ಶಿಕ್ಷಣ?"

"ಏಳನೇತ್ತೆ."

ಅವರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ನಿಧಾನವಾಗಿಯೇ ಹೇಳಿದರು. ನಮ್ಮ ದಳದಿಂದ ಎರಡು ವರ್ಷ ಯಾರೂ ಪರೀಕ್ಷೆ ಪಾಸಾಗಿಲ್ಲ. ಈ ಶಿಬಿರದಲ್ಲಿ ಕಡಿಮೆ ಎಂದರೆ ನಾಲ್ವರು ಪಾಸಾಗಬೇಕು. ಆಗದಿದ್ದರೆ ದಳದ ಹೆಸರು ಪಟ್ಟಿಯಿಂದ ತೆಗೆಯುತ್ತಾರೆ.

"ನನ್ನ ಕಡೆ ಇರೂದ ನಾಲ್ಕ ಮಂದಿ ಸ್ಕೌಟ್ರಿ."

"ಹಂಗಾರ ನಾಲ್ಕೂ ಮಂದಿ ಪಾಸಾಗ್ಲಿ."

"ಆಗ್ತಾರ," ಎಂದೆ. ಹೊರಗೆ ಬಂದ ಮೇಲೆ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದು ಗೊತ್ತಾಯಿತು. ಹುಡುಗರಿಗೆ ವಿಷಯ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಈರಣ್ಣ ಬರೀ "ಹೂಂ" ಎಂದ. ನಿಲ್ದಾಣದ ಹತ್ತಿರ ಚುರಮರಿ, ಮಿರ್ಚಿ ತಿಂದು ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆವು. ರೈಲಿನಲ್ಲಿ ಕೋಲುಗಳನ್ನು ಯಾರೂ ಕೇಳಲಿಲ್ಲ. ಗುಳೇದಗುಡ್ಡ ರೋಡ್ ದಾಟಿದ ಮೇಲೆ ಕೆಂಪು ಬಂಡೆಗಳು ಕಾಣಿಸಿಕೊಂಡವು. ಬಾದಾಮಿ ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ಟಂಟಂ ಆಟೋದವನು ತಲೆಗೆ ಇಪ್ಪತ್ತು ಕೇಳಿದ, ಕೋಲಿನ ಕಟ್ಟಿಗೂ ಇಪ್ಪತ್ತು ಕೇಳಿದ. ಕೋಲು ಹೊತ್ತು ನಡೆಯುತ್ತೇವೆ ಎಂದೆ. ಆಗ ಕೋಲನ್ನು ಪುಕ್ಕಟೆ ಹಾಕಿಕೊಂಡ.

ಶಿಬಿರ ಒಂದು ಶಾಲೆಯ ಬಯಲಿನಲ್ಲಿತ್ತು. ನೂರರ ಹತ್ತಿರ ಮಕ್ಕಳು, ಸಾಲು ಡೇರೆಗಳು, ನಡುವೆ ಧ್ವಜದ ಕಂಬ, ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಮರ. ಬೇರೆಯವರ ಸ್ಕಾರ್ಫುಗಳು ಅಂಗಡಿಯವು. ನಮ್ಮವು ಸೀರೆ ನೇಯ್ದು ಉಳಿದ ನೂಲಿನಲ್ಲಿ ನಾವೇ ನೇಯ್ದವು, ಕೆಂಪು ಅಂಚಿನವು. ಒಬ್ಬ ಹುಡುಗ, "ಏನ್ಲೇ, ಅವ್ವನ ಸೀರಿ ಹರಕೊಂಡ ಬಂದೀರೇನು?" ಎಂದ. "ಹರದಿಲ್ಲ, ನೇಯ್ದೀವಿ. ನಿಂದು ನೀ ನೇಯ್ದಿಯೇನು?" ಎಂದ ಬಸು. ಅಲ್ಲಿಗೆ ಅದು ಮುಗಿಯಿತು. ಸಂಜೆ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ. ತಂಪು ಬಿತ್ತು. ಮಲಗಿದೆವು.

ಮರುದಿನ ಉಪ್ಪಿಟ್ಟು ತಿಂದ ಮೇಲೆ ಪರೀಕ್ಷೆ. ತೆಗೆದುಕೊಳ್ಳುವವರು ಎತ್ತರದ, ದಪ್ಪ ಮೈಯ ಸರ್. ಕುತ್ತಿಗೆಯ ಸೀಟಿಯನ್ನು ಎರಡು ನಿಮಿಷಕ್ಕೊಮ್ಮೆ ಊದುತ್ತಿದ್ದರು. ಮಕ್ಕಳು ಅವರಿಗೆ ಸೀಟಿ ಸರ್ ಎಂದು ಹೆಸರಿಟ್ಟಿದ್ದರು. ನಮ್ಮ ನಾಲ್ವರೂ ಪ್ರತಿಜ್ಞೆ ಹೇಳಿದರು, ಬ್ಯಾಂಡೇಜು ಕಟ್ಟಿದರು, ಧ್ವಜ ಮಡಚಿದರು. ಎಲ್ಲಾ ಸರಿ ಹೋಯಿತು. ಕೊನೆಗೆ ಗಂಟುಗಳು. ಅದರಲ್ಲೂ ಕೊನೆಯದು ಎರಡು ಹಗ್ಗ ಕೂಡಿಸುವ ಗಂಟು. ನನಗೆ ನಗು ಬಂತು. ಇದರಲ್ಲಿ ನಮ್ಮನ್ನು ಸೋಲಿಸುವವರು ಯಾರು ಎಂದುಕೊಂಡೆ.

ನಾಲ್ವರೂ ಎರಡು ತುದಿಗಳನ್ನು ಹೆಬ್ಬೆರಳಿನ ಅಡಿಯಲ್ಲಿ ಅಡ್ಡ ಹಿಡಿದರು, ಒಂದು ಸುತ್ತು ಸುತ್ತಿದರು, ಒಳಗೆ ಮಡಚಿ ಎಳೆದರು. ಬೇರೆ ಮಕ್ಕಳು ಹಗ್ಗ ಮಡಚುವಷ್ಟರಲ್ಲಿ ಇವರದು ಮುಗಿದಿತ್ತು. ಈರಣ್ಣ ಎಲ್ಲರಿಗಿಂತ ಮೊದಲು ಮುಗಿಸಿದ. ಮುಗಿಸಿ, ಜೇಬಿನ ಕತ್ತರಿ ತೆಗೆದು, ಶಿಬಿರದ ಹಗ್ಗದ ಎರಡೂ ತುದಿಗಳನ್ನು ಗಂಟಿನ ಬುಡಕ್ಕೆ ಕತ್ತರಿಸಿ, ಕೈ ಕಟ್ಟಿ ನಿಂತ.

ಸೀಟಿ ಸರ್ ಬಾಯಿ ತೆರೆದರು. ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ಬಿತ್ತು.

"ಹಗ್ಗ ಯಾಕ ಕತ್ತರಿಸಿದಿ?"

"ತುದಿ ಬಿಟ್ರ ಸಿಕ್ಕೊಂತಾವ್ರಿ," ಎಂದ ಈರಣ್ಣ. ಅವನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕುತ್ತೇವೆ, ತುದಿ ಕತ್ತರಿಸುತ್ತೇವೆ. ಬಿಟ್ಟರೆ ಅದು ಪಕ್ಕದ ಎಳೆಗೆ ಸಿಕ್ಕು ಸೀರೆ ಕೆಡುತ್ತದೆ. ಐದು ವರ್ಷದಿಂದ ಅವನ ಕೈ ದಿನಕ್ಕೆ ಎಷ್ಟೋ ಸಲ ಇದನ್ನೇ ಮಾಡಿದೆ. ಗಂಟು ಹಾಕುವುದೂ ಕತ್ತರಿಸುವುದೂ ಅವನಿಗೆ ಒಂದೇ ಕೆಲಸ.

ಸರ್ ನಾಲ್ಕೂ ಗಂಟು ನೋಡಿದರು. "ಇವ್ಯಾವೂ ಪುಸ್ತಕದಾಗಿನಂಗ ಹಾಕಿಲ್ಲ. ಒಂದು ಹಗ್ಗ ಮಡಚಿ ಕಿವಿ ಮಾಡಬೇಕು, ಇನ್ನೊಂದನ್ನ ಅದರೊಳಗಿಂದ ತರಬೇಕು. ನಾಲ್ಕೂ ನಪಾಸು. ಯಾರು ಕಲಿಸಿದವರು?"

"ನಾ ಕಲಿಸೇನ್ರಿ," ಎಂದು ಮುಂದೆ ಬಂದೆ.

ನನ್ನ ತಪ್ಪನ್ನು ಇಲ್ಲೇ ಬರೆದುಬಿಡುತ್ತೇನೆ. ಪೆಟ್ಟಿಗೆಯ ಪುಸ್ತಕದಲ್ಲಿ ಈ ಗಂಟಿನ ಚಿತ್ರ ಇತ್ತು. ನೋಡಿದೆ. ನಮ್ಮ ಮಗ್ಗದ ಗಂಟೇ. ಕೆಳಗೆ ಎಂಟು ಹತ್ತು ಸಾಲು ಬರೆದಿತ್ತು. ಹುಟ್ಟಿದಾಗಿನಿಂದ ಹಾಕುವ ಗಂಟಿಗೆ ಓದುವುದೇನು ಎಂದು ಪುಟ ತಿರುಗಿಸಿದೆ. ಆದರೆ ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು.

"ಸರ್, ಗಂಟ ಅದನ ಐತಿ. ಹಾಕೂ ರೀತಿ ಬ್ಯಾರೆ, ಅಷ್ಟ. ಬೇಕಾರ ಎಳದ ನೋಡ್ರಿ."

"ನೀ ನನಗ ಕಲಸಬ್ಯಾಡ ತಮ್ಮಾ."

"ಕಲಸಾಕತ್ತಿಲ್ರಿ. ಎಳೀರಿ ಅನ್ನಾಕತ್ತೇನಿ. ಬಿಚ್ಚಿದ್ರ ನಾವ ಈಗ ಚೀಲ ಹೊತ್ತು ಹೊಕ್ಕೇವಿ."

ಮಕ್ಕಳು ಸುತ್ತ ಸೇರಿದರು. ಸರ್ ಹಿಂದೆ ಸರಿಯುವ ಹಾಗಿರಲಿಲ್ಲ. ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿಸಿದರು. ಇನ್ನೊಂದು ತುದಿಗೆ ಹತ್ತು ಜನ. ನಾನೂ ಹಿಡಿದೆ. ಸಮೀರನ ಗಂಟು ಹಿಡಿಯಿತು. ಬಸುವಿನದು ಹಿಡಿಯಿತು. ಮಂಜುವಿನದೂ ಹಿಡಿಯಿತು. ಸರ್ ಬಗ್ಗಿ ಒಂದೊಂದನ್ನೂ ತಿರುವಿ ನೋಡಿದರು. ನನ್ನ ಎದೆ ಉಬ್ಬಿತ್ತು. ನಾಲ್ಕನೆಯದು ಈರಣ್ಣನದು. ಎಳೆದೆವು. ಒಂದು ಕ್ಷಣ ಹಿಡಿಯಿತು. ಆಮೇಲೆ ಸರ್ರನೆ ಜಾರಿತು. ಹತ್ತು ಜನ ಧೂಳಿನಲ್ಲಿ ಬೆನ್ನ ಮೇಲೆ ಬಿದ್ದೆವು. ಇಡೀ ಬಯಲು ನಕ್ಕಿತು.

"ಮೂರು ಪಾಸು," ಎಂದರು ಸರ್. ಅದನ್ನು ಅವರು ತಕರಾರಿಲ್ಲದೆ ಒಪ್ಪಿದರು, ಸುಳ್ಳು ಹೇಳಬಾರದು. "ನಾಲ್ಕನೇದು ನಪಾಸು. ತುದಿ ಗೇಣುದ್ದ ಬಿಡಬೇಕಂತ ಪುಸ್ತಕದಾಗ ಬರದೈತಿ. ಓದಿಲ್ಲೇನು?"

ಓದಿರಲಿಲ್ಲ.

ಮಧ್ಯಾಹ್ನ ಈರಣ್ಣ ಉಣ್ಣಲಿಲ್ಲ. ಜಾರಿದ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಗಂಟು ಹಾಕುತ್ತ ಬೇವಿನ ಮರದ ಕೆಳಗೆ ಕುಳಿತಿದ್ದ. ಕಬ್ ಮಕ್ಕಳನ್ನು ನೋಡಿಕೊಳ್ಳುವ ಅಕ್ಕೋರು ಅಲ್ಲಿಗೆ ಬಂದರು. ಅವರು ಗುಳೇದಗುಡ್ಡದ ಕಡೆಯ ಒಂದು ಶಾಲೆಯ ಶಿಕ್ಷಕಿ. ಗಂಟು ನೋಡಿದ ಕೂಡಲೇ, "ನಮ್ಮವ್ವ ಕುಬಸದ ಕಣ ನೇಯೂ ಮುಂದ ಇದನ್ನ ಹಾಕ್ತಿದ್ಲು," ಎಂದರು.

"ಅಲ್ಲಿ ಜಾರಂಗಿಲ್ರಿ ಅಕ್ಕೋರ," ಎಂದ ಈರಣ್ಣ. "ನಮ್ಮ ಎಳಿಗೆ ಗಂಜಿ ಇರ್ತೈತಿ, ಹಿಡಕೊಂತೈತಿ. ಇದು ನೈಲಾನ್. ಇದಕ್ಕ ತುದಿ ಬೇಕು." ಯಾರೂ ಹೇಳದೆ ಅವನೇ ಕಂಡುಹಿಡಿದಿದ್ದ.

ನಾಲ್ವರು ಪಾಸಾಗದಿದ್ದರೆ ದಳ ಹೋಗುತ್ತದೆ ಎಂದು ನಾನು ಅಕ್ಕೋರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ನಾ ಸರ್‌ಗೆ ಹೇಳ್ತೇನಿ. ಒಂದು ಟಿಕ್ ತಾನ, ಹಾಕ್ತಾರ," ಎಂದರು.

ನಾನಾಗಿದ್ದರೆ ಹೂಂ ಎನ್ನುತ್ತಿದ್ದೆ. ಈರಣ್ಣ ನನ್ನ ಕಡೆ ನೋಡಲೂ ಇಲ್ಲ. "ಬ್ಯಾಡ್ರಿ. ನಾ ಗಂಟ ಹಾಕೇ ಪಾಸಾಗ್ತೇನಿ," ಎಂದ.

ಹನ್ನೆರಡು ವರ್ಷದವನು ಹೀಗೆ ಹೇಳಿದ ಮೇಲೆ ನಾನು ಸುಮ್ಮನೆ ಕೂರುವುದು ಹೇಗೆ? ಶಿಬಿರದ ನಿಯಮದ ಹಾಳೆ ಡೇರೆಗೊಂದು ಅಂಟಿಸಿದ್ದರು. ಈ ಸಲ ಚಿತ್ರ ನೋಡಿ ಬಿಡಲಿಲ್ಲ. ಅಕ್ಕೋರನ್ನು ನಿಲ್ಲಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೆಳಗಿನಿಂದ ಮೂರನೆಯ ಸಾಲಿನಲ್ಲಿತ್ತು: ಒಂದು ವಿಷಯದಲ್ಲಿ ನಪಾಸಾದವರು ಕೊನೆಯ ದಿನ ಧ್ವಜ ಇಳಿಸುವುದರೊಳಗೆ ಮತ್ತೆ ಒಮ್ಮೆ ಪರೀಕ್ಷೆ ಕೊಡಬಹುದು.

ಹಾಳೆ ಕಿತ್ತುಕೊಂಡು ಸರ್ ಹತ್ತಿರ ಹೋದೆ. "ನಾಳೆ ನೋಡೋಣ," ಎಂದರು. ನಾಳೆ ಬಂತು. ಬೆಳಿಗ್ಗೆ ಕೇಳಿದೆ. "ಟೈಮ್ ಇಲ್ಲ, ಪಾಹುಣೇರು ಬರ್ತಾರ," ಎಂದು ಅತಿಥಿಗಳ ನೆಪ ಹೇಳಿದರು. ಅದೇ ಕೊನೆಯ ದಿನ, ಧ್ವಜ ಇಳಿಸುವುದು ನಾಲ್ಕು ಗಂಟೆಗೆ.

"ನಡೀರಿ," ಎಂದೆ ಹುಡುಗರಿಗೆ. "ಸರ್ ಎಲ್ಲಿ ಹೋಗ್ತಾರ ಅಲ್ಲಿ."

ಅವತ್ತು ನಾವು ಮಾಡಿದ್ದು ಅದೊಂದೇ. ಸರ್ ಚಹಾ ಕುಡಿಯಲು ಹೋದರೆ ಏಳು ಜನ ಹಿಂದೆ. ಡೇರೆ ನೋಡಲು ಹೋದರೆ ಏಳು ಜನ ಹಿಂದೆ. ಮಾತಿಲ್ಲ, ಗಲಾಟೆ ಇಲ್ಲ, ಕೋಲು ಹಿಡಿದು ಸಾಲಾಗಿ. ಅವರು ಪಾಯಖಾನೆಗೆ ಹೋದಾಗ ಚಾಂದ ಬಾಗಿಲ ಹೊರಗೆ ಸಾವಧಾನ್ ನಿಂತ. ಹೊರಗೆ ಬಂದವರಿಗೆ ಸೆಲ್ಯೂಟ್ ಹೊಡೆದ.

"ಏನ್ ಬೆನ್ನ ಹತ್ತೀರಪಾ ನೀವು, ಭೂತ ಹತ್ತಿದಂಗ!"

"ಒಂದ ಗಂಟ ನೋಡ್ರಿ ಸರ್, ಬಿಟ್ಟ ಹೊಕ್ಕೇವಿ," ಎಂದೆ.

ಹತ್ತು ಗಂಟೆಗೆ ಎಲ್ಲರನ್ನೂ ಗುಡ್ಡ ಹತ್ತಿಸಿದರು. ಗುಹೆಗಳ ಮೆಟ್ಟಿಲು, ಕೆಳಗೆ ಹಸಿರು ನೀರಿನ ಹೊಂಡ, ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡು ಸಲ ಕೇಳುತ್ತಿತ್ತು. ಕಲ್ಲಿನ ಮೂರ್ತಿಗಳು ಚೆನ್ನಾಗಿವೆ. ಅದನ್ನು ಬರೆಯುವವರು ಬೇರೆ ಇದ್ದಾರೆ. ಒಂದು ಮಂಗ ಚಾಂದನ ಟೋಪಿ ಕಿತ್ತುಕೊಂಡು ಹೋಯಿತು. ಅವನು ಅದಕ್ಕೂ ಎಡಗೈ ಚಾಚಿ, "ಕೊಡಲೇ, ನಾನೂ ಸ್ಕೌಟ್ ಅದೇನಿ," ಎಂದ. ಕೊಡಲಿಲ್ಲ.

ಈರಣ್ಣ ಮೆಟ್ಟಿಲು ಹತ್ತುತ್ತ ಹಗ್ಗದ ತುಂಡುಗಳನ್ನು ಕೂಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಕೂಡಿಸುತ್ತಿದ್ದ. ಗಂಟು ಬಿಗಿದ ಕೂಡಲೇ ಅವನ ಬಲಗೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಳ್ಳುತ್ತಿದ್ದ. ಎರಡನೆಯ ಗುಹೆಯ ಹತ್ತಿರ ನಿಂತು ಕತ್ತರಿ ತೆಗೆದು ನನಗೆ ಕೊಟ್ಟ.

"ಇದನ್ನ ನೀ ಇಟ್ಕೋ ಅಣ್ಣಾ. ನಾ ಕೇಳಿದ್ರೂ ಕೊಡಬ್ಯಾಡ."

ಮೂರೂವರೆಗೆ ಎಲ್ಲರೂ ಧ್ವಜದ ಸುತ್ತ ಸಾಲಾಗಿ ನಿಂತರು. ಪಾಹುಣೇರು ಕುರ್ಚಿಯಲ್ಲಿ ಕುಳಿತಿದ್ದರು, ಫೋಟೋ ತೆಗೆಯುತ್ತಿದ್ದರು. ಸರ್ ನಮಗೆ ಲೈನಿಗೆ ಹೋಗಿ ಎಂದರು. ನಾವು ಹೋಗಲಿಲ್ಲ. ಧ್ವಜದ ಕಂಬಕ್ಕೆ ಬೆನ್ನು ಮಾಡದೆ, ಹಗ್ಗ ಮುಟ್ಟದೆ, ಕಂಬದ ಪಕ್ಕದಲ್ಲೇ ಏಳು ಜನ ನಿಂತೆವು.

"ಧ್ವಜ ಇಳಸಾಕ ಬಿಡ್ತೀರೋ ಇಲ್ಲೋ?" ಸರ್ ಹಲ್ಲು ಕಚ್ಚಿ ಕೇಳಿದರು.

"ಇಳಸ್ರಿ ಸರ್. ಅದಕಿಂತ ಮದ್ಲ ಅಂತ ಹಾಳ್ಯಾಗ ಬರದೈತಿ. ನೀವ ಬರದಿದ್ದು." ಹಾಳೆಯನ್ನು ಬಿಚ್ಚಿ ಹಿಡಿದೆ. "ಪುಸ್ತಕ ನಾ ಓದಿರ್ಲಿಲ್ಲ, ನಿನ್ನೆ ಬೈಸ್ಕೊಂಡೆ. ಇದನ್ನ ಓದೇನಿ."

ಅಕ್ಕೋರು ಕಬ್‌ಗಳ ಸಾಲಿನಿಂದ, "ಎರಡ ನಿಮಿಷ ಸರ್," ಎಂದರು. ಸರ್ ಪಾಹುಣೇರ ಕಡೆ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಎರಡು ಹಗ್ಗ ತರಿಸಿ ಈರಣ್ಣನ ಮುಂದೆ ಎಸೆದರು.

ಈರಣ್ಣ ತುದಿಗಳನ್ನು ಹೆಬ್ಬೆರಳಿನ ಅಡಿಯಲ್ಲಿ ಅಡ್ಡ ಹಿಡಿದ. ಸುತ್ತಿದ, ಮಡಚಿದ, ಎಳೆದ. ತುದಿಗಳು ಗೇಣುದ್ದ ಇಳಿಬಿದ್ದವು. ಬಲಗೈ ಜೇಬಿನವರೆಗೆ ಹೋಗಿ ನಿಂತಿತು.

"ಮತ್ತ ಹಂಗ ಹಾಕಿದಿ," ಎಂದರು ಸರ್. "ಪುಸ್ತಕದಾಗಿನಂಗ ಹಾಕಿ ತೋರಸು."

ಅದನ್ನೂ ಅವನು ಕಲಿತಿದ್ದ, ನಾನೇ ನೋಡಿದ್ದೆ. ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈರಣ್ಣ ಹಗ್ಗವನ್ನು ಎರಡೂ ಕೈಯಿಂದ ಮುಂದೆ ಹಿಡಿದ.

"ಗಂಟ ನೋಡ್ರಿ ಸರ್. ಕೈ ನೋಡಬ್ಯಾಡ್ರಿ."

ಸರ್ ಹಗ್ಗ ಕಸಿದುಕೊಂಡು ಬೇವಿನ ಮರದ ಕಡೆ ನಡೆದರು. ದಪ್ಪ ಕೊಂಬೆಯ ಮೇಲೆ ಎಸೆದು ಒಂದು ತುದಿಯನ್ನು ಬೊಡ್ಡೆಗೆ ಕಟ್ಟಿದರು. ಇನ್ನೊಂದನ್ನು ಎರಡೂ ಕೈಯಿಂದ ಹಿಡಿದು ಕಾಲು ಮೇಲೆತ್ತಿದರು. ಆ ಮೈ ಪೂರ್ತಿ ಹಗ್ಗಕ್ಕೆ ಬಿತ್ತು. ಕೊಂಬೆ ಕಿರ್ ಎಂದಿತು. ಎಲೆ ಉದುರಿದವು. ಸರ್ ತೂಗಾಡಿದರು. ಗಂಟು ಕದಲಲಿಲ್ಲ.

ಇಳಿದು, ತುದಿಗಳನ್ನು ಗೇಣು ಹಾಕಿ ಅಳೆದರು. ಗಂಟನ್ನು ಬಿಚ್ಚಿ ನೋಡಿದರು, ಸಲೀಸಾಗಿ ಬಿಚ್ಚಿತು. ಜೇಬಿನಿಂದ ಪೆನ್ನು ತೆಗೆದು ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಬರೆದು ಈರಣ್ಣನಿಗೆ ಎಡಗೈ ಕೊಟ್ಟರು. ಅವನೂ ಕೊಟ್ಟ. ನನ್ನ ಕಡೆ ತಿರುಗಿ, "ನೀ ಭಾಳ ಹಟಮಾರಿ ಅದಿ," ಎಂದರು. "ಹೌದ್ರಿ," ಎಂದೆ. ಆಮೇಲೆ ನಾವೇ ಲೈನಿಗೆ ಹೋಗಿ ನಿಂತೆವು. ಧ್ವಜ ಇಳಿಯಿತು. ಹಾಳೆಯಲ್ಲಿ ಬರೆದದ್ದನ್ನು ಸಂಜೆ ನಾನೇ ಓದಿದೆ. "ಗಂಟು ಸರಿ. ಪದ್ಧತಿ ಬೇರೆ. ಪಾಸು."

ಬೇರೆ ಎಂದು ಬರೆದಿದ್ದಾರೆ. ತಪ್ಪು ಎಂದು ಬರೆದಿಲ್ಲ. ಓಣಿಯಲ್ಲಿ ಮಾತಾಡುವವರು ಇದನ್ನು ಓದಿಕೊಳ್ಳಲಿ. ಹಾಳೆ ನನ್ನ ಮಗ್ಗದ ಮೇಲಿನ ಗೋಡೆಗೆ ಅಂಟಿಸಿದೆ. ದಳದ ಹೆಸರು ಪಟ್ಟಿಯಲ್ಲಿ ಹಾಗೇ ಇದೆ.

ಮರುದಿನ ಬೆಳಿಗ್ಗೆ ಗುಡೂರಿನ ಮೇಲೆ ಇಳಕಲ್ಲಿಗೆ ಬರುವ ಬಸ್ಸು ಹಿಡಿದೆವು. ಚಳಿ ಇತ್ತು. ಚಾಂದ ಟೋಪಿಯಿಲ್ಲದ ತಲೆಗೆ ಸ್ಕಾರ್ಫು ಕಟ್ಟಿಕೊಂಡಿದ್ದ. ಗುಡೂರಿನಲ್ಲಿ ಜನ ಹತ್ತಿದರು, ಬಸ್ಸು ತುಂಬಿತು. ಕಂಡಕ್ಟರ್ ಬೇರೆಯವನು. ಕೋಲಿನ ಕಟ್ಟನ್ನು ಅವನು ಏನೂ ಅನ್ನಲಿಲ್ಲ. ಆದರೆ ಅದರಿಂದ ಇಳಿಬಿದ್ದ ಹಗ್ಗದ ಎರಡು ತುದಿ ಅವನ ಕಾಲಿಗೆ ತೊಡರಿದವು.

"ಏ ಹುಡುಗಾ, ಇದನ್ನ ಕತ್ತರಸಬಾರದೇನು? ಜೋತಾಡಾಕತ್ತೈತಿ."

ಕತ್ತರಿ ಆಗ ನನ್ನ ಜೇಬಿನಲ್ಲಿತ್ತು. ಈರಣ್ಣ ನನ್ನ ಕಡೆ ಕೈ ಚಾಚಲಿಲ್ಲ. ತುದಿಗಳನ್ನು ಎತ್ತಿ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ.

"ಕತ್ತರಸಂಗಿಲ್ರಿ," ಎಂದ. "ನೀವ ಒಂಚೂರು ದಾಟಿ ಹೋಗ್ರಿ."

ಕಂಡಕ್ಟರ್ ದಾಟಿ ಹೋದ. ನಡೆದದ್ದು ಇಷ್ಟು. ಇದಕ್ಕೆ ಸೇರಿಸುವುದು ನನ್ನ ಹತ್ತಿರ ಏನೂ ಇಲ್ಲ.